ತಾಂಡಾದ ಮಾತು ಮುಂಡಾ ಮೂಲದ್ದೇ?

ಪ್ರಶ್ನೆ: ಮುಂಡಾ ಭಾಷೆಗಳಿಗೂ ಕನ್ನಡಕ್ಕೂ ನಂಟಿದೆಯೇ? ನಮ್ಮ ಕಡೆಯ ತಾಂಡಾಗಳ ಲಂಬಾಣಿ ಆ ಗುಂಪಿನದೇ?
– ಓದುಗರೊಬ್ಬರು, ಈಸೂರು, ಶಿಕಾರಿಪುರ ತಾಲ್ಲೂಕು

ಉತ್ತರ: ಮೊದಲನೆಯದಕ್ಕೆ ಉತ್ತರ ‘ಇಲ್ಲ’, ಎರಡನೆಯದಕ್ಕೆ ‘ಅಲ್ಲ’. ಲಂಬಾಣಿ ರಾಜಸ್ಥಾನಿಗೆ ಹತ್ತಿರದ ಇಂಡೋ-ಆರ್ಯನ್ ಭಾಷೆ; ಕನ್ನಡ ದ್ರಾವಿಡ. ಸಂತಾಲಿ, ಮುಂಡಾರಿ, ಹೋ, ಕೊರ್ಕು ಮುಂತಾದ ಮುಂಡಾ ಭಾಷೆಗಳು ಆಸ್ಟ್ರೋ-ಏಷ್ಯಾಟಿಕ್ ಕುಟುಂಬದವು. ಕಾಂಬೋಡಿಯದ ಖ್ಮೇರ್, ವಿಯೆಟ್ನಾಮಿ ಅವುಗಳ ದೂರದ ದಾಯಾದಿಗಳು. ಕಣ್ಣಿಗೆ ಸಂತಾಲಿಯಲ್ಲಿ ‘ಮೆತ್’, ವಿಯೆಟ್ನಾಮಿಯಲ್ಲಿ ‘ಮತ್’.

ಸ್ವಾರಸ್ಯ ಇಲ್ಲಿದೆ: ಮುಂಡಾರಿಯ ನೆರೆಯಲ್ಲೇ, ಜಾರ್ಖಂಡದ ಒರಾಂವ್ ಜನರಾಡುವ ಕುಡುಖ್ ನಮ್ಮ ಬಳಗದ ದ್ರಾವಿಡ ಭಾಷೆ. ಅಲ್ಲಿ ಕಣ್ಣು ‘ಖನ್ನ್’! ನೆರೆಹೊರೆಯ ಭಾಷೆಗಳು ಪದಗಳನ್ನು ಕಡ ತರುತ್ತವೆ. ಲಂಬಾಣಿಗೂ ಕನ್ನಡದ ಪದಗಳು ಸೇರಿವೆ. ಆದರೆ ಕಡ ತಂದ ಮಾತ್ರಕ್ಕೆ ಕುಲ ಬದಲಾಗದು.