ವಿಮಾನದ ವೇಳೆಯೂ ದಾರಿಯ ದೂರವೂ: ಗದಗ ಸೀಮೆಯ ನಿದರ್ಶನ

ಎರಡು ಊರುಗಳ ನಡುವಣ ದೂರವೆಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಭೂಪಟದ ಮೇಲೆ ಎಳೆದ ನೇರ ಗೆರೆಯ ಉದ್ದ ಒಂದು. ಪಯಣಿಗನು ವಾಸ್ತವವಾಗಿ ಕ್ರಮಿಸುವ ದಾರಿ ಇನ್ನೊಂದು. ಮನೆ ಬಿಟ್ಟಂದಿನಿಂದ ಗುರಿ ಮುಟ್ಟುವವರೆಗೆ ಸಲ್ಲುವ ಕಾಲ ಮೂರನೆಯದು. ಇವನ್ನು ಬೇರ್ಪಡಿಸಿ ನೋಡದೆ ಒಂದು ಸೀಮೆಯ ಇತಿಹಾಸವನ್ನು ಗ್ರಹಿಸಲಾಗದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ಈ ಭಾಗದ ಹಿರಿಯರು ದೂರವನ್ನು ಹರದಾರಿಯಿಂದ ಎಣಿಸುತ್ತಿದ್ದರು. ಒಂದು ಹರದಾರಿಯೆಂದರೆ ಸುಮಾರು ಮೂರು ಮೈಲಿ, ಅಂದರೆ 5 ಕಿಲೋಮೀಟರಿಗೆ ಸಮೀಪ. ಮುಂಡರಗಿಯಿಂದ ಗದಗಕ್ಕೆ ಸುಮಾರು 40 ಕಿಲೋಮೀಟರು, ಎಂಟು ಹರದಾರಿ. ಗಂಟೆಗೆ 4 ಕಿಲೋಮೀಟರು ಸಾಗುವ ಚಕ್ಕಡಿಗೆ ಅದು ಹತ್ತು ಗಂಟೆಗಳ ಪಯಣ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಗದಗದಲ್ಲಿ ಕೂಡಿದ ಮೇಲೆ ಅಲ್ಲಿಂದಾಚೆಯ ದಾರಿಯೆಲ್ಲ ಕಿರಿದಾಯಿತು. ಗದಗದವರೆಗಿನ ಚಕ್ಕಡಿಯ ದಾರಿ ಮಾತ್ರ ಮೊದಲಿನಷ್ಟೇ ಉಳಿಯಿತು.

ದೂರವನ್ನು ಆಳ್ವಿಕೆಯೂ ನಿರ್ಣಯಿಸುತ್ತದೆ. 1948ರ ವಿಲೀನದವರೆಗೆ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಲಕ್ಷ್ಮೇಶ್ವರದಿಂದ ಮಿರಜಕ್ಕೆ ನೇರ ಗೆರೆಯಲ್ಲೇ ಸುಮಾರು 200 ಕಿಲೋಮೀಟರು. ಗದಗಕ್ಕೆ ಅದರ ಐದನೆಯ ಒಂದು ಪಾಲು ಮಾತ್ರ. ಆದರೂ ಗದಗವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದುದರಿಂದ, ನೆರೆಯ ಪೇಟೆ ಪರರಾಜ್ಯವಾಗಿ, ದೂರದ ಮಿರಜವೇ ರಾಜಧಾನಿಯಾಗಿತ್ತು.

ಇನ್ನು ವಿಮಾನದ ವಿಚಾರ. ಈ ಸೀಮೆಗೆ ಸಮೀಪದ ವಿಮಾನನಿಲ್ದಾಣ ಹುಬ್ಬಳ್ಳಿ. ಅದರ ಹೊಸ ಕಟ್ಟಡ 2017ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಿತು. ಅಲ್ಲಿಂದ ಬೆಂಗಳೂರು ವಿಮಾನನಿಲ್ದಾಣಕ್ಕೆ ನೇರ ದೂರ ಸುಮಾರು 370 ಕಿಲೋಮೀಟರು. ಗಂಟೆಗೆ 500 ಕಿಲೋಮೀಟರು ವೇಗದ ವಿಮಾನಕ್ಕೆ ಲೆಕ್ಕದಂತೆ ಮುಕ್ಕಾಲು ಗಂಟೆ ಸಾಕು. ಆದರೆ ನೆಲದ ಮೇಲಿನ ಓಟ, ಏರುವಿಕೆ, ಇಳಿಯುವಿಕೆಗಳು ಸೇರಿ ವೇಳಾಪಟ್ಟಿಯಲ್ಲಿ ಒಂದು ಗಂಟೆಗೆ ಮಿಕ್ಕಿದ ಕಾಲ ಕಾಣುತ್ತದೆ.

ಇದೇ ಲೆಕ್ಕವನ್ನು ಮುಂಡರಗಿಯ ಮನೆಬಾಗಿಲಿನಿಂದ ಮಾಡೋಣ. ಮುಂಡರಗಿಯಿಂದ ಬೆಂಗಳೂರಿಗೆ ನೇರ ದೂರ ಸುಮಾರು 310 ಕಿಲೋಮೀಟರು, ಆಗ್ನೇಯ ದಿಕ್ಕಿಗೆ. ವಿಮಾನ ಹಿಡಿಯುವವನಾದರೋ ಮೊದಲು ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರು ಹೋಗಬೇಕು. ಅದಕ್ಕೆ ಎರಡು ಗಂಟೆ, ನಿಲ್ದಾಣದಲ್ಲಿ ಕಾಯಲು ಒಂದು ಗಂಟೆ, ಹಾರಾಟಕ್ಕೆ ಒಂದೂಕಾಲು ಗಂಟೆ, ದೇವನಹಳ್ಳಿಯಿಂದ ನಗರದ ನಡುವಿಗೆ ಇನ್ನೊಂದು ಗಂಟೆ: ಒಟ್ಟು ಐದು ಗಂಟೆಗೂ ಮಿಗಿಲು. ನೇರ ರಸ್ತೆಯಲ್ಲಿ ಮೋಟಾರಿನಲ್ಲಿ ಹೋದವನಿಗೆ ಇದಕ್ಕಿಂತ ಬಹಳ ಹೆಚ್ಚೇನೂ ಹಿಡಿಯದು. ವೇಳಾಪಟ್ಟಿಯ ಅಂಕಿ ಸುಳ್ಳಲ್ಲ; ಅದು ಹುಬ್ಬಳ್ಳಿಯದು, ಮುಂಡರಗಿಯದಲ್ಲ.

ಇದಕ್ಕೆ ಪ್ರತಿಯಾಗಿ, 1997ರಲ್ಲಿ ಗದಗ ಜಿಲ್ಲೆ ರಚಿತವಾದುದನ್ನು ಗಮನಿಸಬೇಕು. ಯಾವ ಯಂತ್ರದ ವೇಗವೂ ಹೆಚ್ಚದೆ, ಕಚೇರಿಯು ಧಾರವಾಡದಿಂದ ಗದಗಕ್ಕೆ ಬಂದ ಮಾತ್ರಕ್ಕೆ ಮುಂಡರಗಿಯ ರೈತನಿಗೆ ಒಂದು ಕಡೆಗೆ ಸುಮಾರು 80 ಕಿಲೋಮೀಟರುಗಳ ದಾರಿ ಉಳಿಯಿತು. ಆದುದರಿಂದ ದೂರದ ಕೋಷ್ಟಕಗಳನ್ನು ಬಳಸುವ ಇತಿಹಾಸದ ವಿದ್ಯಾರ್ಥಿಯು ಎಷ್ಟು ದೂರವೆಂದು ಕೇಳಿ ಸುಮ್ಮನಾಗದೆ, ಯಾರ ಮನೆಬಾಗಿಲಿನಿಂದ, ಯಾವ ಕೆಲಸಕ್ಕಾಗಿ ಎಂದೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.