ಅಗ್ಗವಲ್ಲ, ಅಚ್ಚುಕಟ್ಟು: ಲಾರಿ ಬೇಕರ್ ಲೆಕ್ಕ

ವಾಸ್ತುಶಿಲ್ಪಿ ಲಾರಿ ಬೇಕರ್ ಎಂದರೆ ಬಡವರಿಗೆ ಅಗ್ಗದ ಮನೆ ಕಟ್ಟಿಕೊಟ್ಟ ಸಂತ ಎನ್ನುವುದು ರೂಢಿ. ಈ ಹೊಗಳಿಕೆ ಅವರ ಕಸುಬುದಾರಿಕೆಯನ್ನೇ ಮರೆಮಾಚುತ್ತದೆ. 1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟಡಗಳ ಕೆಲಸಕ್ಕೆಂದು ಭಾರತಕ್ಕೆ ಬಂದವರು. ವೈದ್ಯೆ ಪತ್ನಿ ಎಲಿಜಬೆತ್ ಜತೆ ಹಿಮಾಲಯದ ಪಿಥೋರಾಗಢದ ಬೆಟ್ಟದಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ತಿರುವನಂತಪುರದಲ್ಲಿ ನೆಲೆನಿಂತರು. ಬೇಕರ್ ಸೇವೆ ಇದ್ದದ್ದು ಕಟ್ಟುವ ಲೆಕ್ಕದಲ್ಲಿ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿದರೆ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಆ ಪೊಳ್ಳಿನ ಗಾಳಿ ಬಿಸಿಲನ್ನೂ ತಡೆಯುತ್ತದೆ. ತಾರಸಿಯ ಕೆಳಪದರದಲ್ಲಿ ಎಳೆತ ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಹಾಗಾಗಿ ಸರಳುಗಳ ನಡುವೆ ಹಳೆಯ ಮಂಗಳೂರು ಹೆಂಚು ಜೋಡಿಸಿದರು. ನಮ್ಮ ಕರಾವಳಿಯವರು ಎಸೆಯುವ ಹೆಂಚಿಗೆ ಇಂಥ ಮರುಹುಟ್ಟು!

ಇಂಥ ಪೊಳ್ಳು ಗೋಡೆಗೆ ನುರಿತ ಮೇಸ್ತ್ರಿ ಬೇಕು, ಕೂಲಿ ಹೆಚ್ಚು ಬೀಳುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಸಿಮೆಂಟಿಗೆ ಸುರಿಯುವ ದುಡ್ಡು ಊರಿನ ಕೆಲಸಗಾರನ ಕೈಸೇರಲಿ ಎಂಬುದೇ ಬೇಕರ್ ಉದ್ದೇಶವಾಗಿತ್ತು. ಪುಟ್ಟ ಮನೆಗಷ್ಟೇ ಇದು ಸರಿ ಎನ್ನುವವರು ಬೇಕರ್ ಕಟ್ಟಿದ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ನೋಡಬೇಕು. ಗಿಲಾವು ಕಾಣದ ಆ ಕೆಂಪು ಗೋಡೆಗಳ ಇಟ್ಟಿಗೆ ಜಾಲರಿಯಲ್ಲಿ ಗಾಳಿ, ಬೆಳಕು ಎರಡೂ ಸೋಸಿ ಒಳಬರುತ್ತವೆ. ಕಿಟಕಿ ಚೌಕಟ್ಟಿನ ಖರ್ಚೂ ಇಲ್ಲ.