ನಿಮಗಿದು ಗೊತ್ತೆ? ಬೈಕಿನ ಟೈರಿಗೂ ಜಾತಕವಿದೆ!

ಹೊಸ ಬೈಕ್ ಕೊಂಡವರು ಟ್ಯಾಂಕನ್ನು ದಿನಕ್ಕೆರಡು ಸಲ ಒರೆಸುತ್ತಾರೆ. ಬಗ್ಗಿ ಟೈರು ನೋಡುವವರು ಕಡಿಮೆ. ಒಮ್ಮೆ ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕೆಯನ್ನು ಓದಿ. ಒಂದೆಡೆ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ ಅದು 2024ರ 23ನೇ ವಾರ, ಅಂದರೆ ಜೂನ್ ಆರಂಭದಲ್ಲಿ ಹುಟ್ಟಿದ ಟೈರು. ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರಂತೂ ಇದನ್ನು ನೋಡಲೇಬೇಕು. ಸವೆಯದಿದ್ದರೂ ವರ್ಷಗಳು ಕಳೆದಂತೆ ರಬ್ಬರ್ ಗಡುಸಾಗುತ್ತದೆ, ಬಿರುಕು ಬಿಡುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ.

ಅಂಚಿನಲ್ಲಿ ‘ಟಿಡಬ್ಲ್ಯುಐ’ ಎಂಬ ಅಕ್ಷರಗಳೋ ಪುಟ್ಟ ತ್ರಿಕೋನವೋ ಕಾಣುತ್ತದೆ. ಅದರ ನೇರಕ್ಕೆ ತೋಡಿನೊಳಗೆ ಬೆರಳಾಡಿಸಿದರೆ ಸಣ್ಣ ದಿಬ್ಬ ಸಿಗುತ್ತದೆ. ಟೈರು ಸವೆದು ದಿಬ್ಬಕ್ಕೆ ಸಮವಾಯಿತೋ, ಅದರ ಆಯುಸ್ಸು ಮುಗಿಯಿತು. ಮಳೆನೀರನ್ನು ಹೊರದೂಡುವುದೇ ಈ ತೋಡುಗಳ ಕೆಲಸ, ಅವು ಅಲಂಕಾರಕ್ಕಲ್ಲ. ದ್ವಿಚಕ್ರ ವಾಹನಗಳಲ್ಲಿ ಅವು ಕನಿಷ್ಠ 0.8 ಮಿ.ಮೀ. ಆಳವಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ.

ಪಂಕ್ಚರ್ ಅಂಗಡಿಯ ಹುಡುಗ ‘ಎಷ್ಟು ಹಾಕ್ಲಿ ಸಾರ್?’ ಎಂದಾಗ ‘ನೀನೇ ನೋಡಿ ಹಾಕಪ್ಪ’ ಎನ್ನುವುದು ನಮ್ಮ ಅಭ್ಯಾಸ. ಲೆಕ್ಕ ಬೈಕಿನ ಕೈಪಿಡಿಯಲ್ಲಿದೆ. ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಗಾಳಿ ಹೆಚ್ಚು, ಇಬ್ಬರು ಕೂರುವುದಾದರೆ ಇನ್ನೂ ಸ್ವಲ್ಪ. ಓಡಿ ಬಿಸಿಯಾದ ಟೈರು ಒತ್ತಡವನ್ನು ಹೆಚ್ಚಾಗಿ ತೋರಿಸುತ್ತದೆ, ಆದ್ದರಿಂದ ಬೆಳಗ್ಗೆ ತಣ್ಣಗಿರುವಾಗಲೇ ಅಳೆಸಿ.

ಹಾಂ, ಚೈನಿಗೆ ಎಣ್ಣೆ ಬಿಡುವಾಗ ಎಂಜಿನ್ ಆಫ್ ಆಗಿರಲಿ. ಟೈರಿಗಾಗಲಿ ಡಿಸ್ಕಿಗಾಗಲಿ ಒಂದು ಹನಿಯೂ ತಾಗಬಾರದು.